ಸೈಕಲ್, ಡೇರೆ, ಲಾಂಚ್: ನಡುಗಡ್ಡೆಗಳತ್ತ ತಂಡವಾಗಿ ಹೊರಡುವವರು ತಿಳಿಯಬೇಕಾದದ್ದು

ನಮ್ಮ ವರದಿಗಾರರಿಂದ

ದೊಡ್ಡಬಳ್ಳಾಪುರ: ವಾರಾಂತ್ಯದ ಬೆಳಗಿನ ಜಾವ ದೇವನಹಳ್ಳಿಯಿಂದ ನಂದಿ ಬೆಟ್ಟದತ್ತ ಸಾಗುವ ರಸ್ತೆಯಲ್ಲಿ ಹೆಲ್ಮೆಟ್ ಧರಿಸಿದ ಸೈಕಲ್ ಸವಾರರ ಸಾಲು ಕಾಣುವುದು ಈಗ ಸಾಮಾನ್ಯ ಸಂಗತಿ. ಹಾಲಿನ ಕ್ಯಾನ್, ಹೂವಿನ ಬುಟ್ಟಿ, ರೇಷ್ಮೆಗೂಡಿನ ಮೂಟೆಗಳನ್ನು ಹೊತ್ತು ದಶಕಗಳ ಕಾಲ ಗ್ರಾಮಾಂತರ ಜಿಲ್ಲೆಯ ರಸ್ತೆಗಳಲ್ಲಿ ಓಡಾಡಿದ ಸೈಕಲ್ ಇಂದು ನಗರವಾಸಿಗಳ ಹವ್ಯಾಸದ ವಾಹನವಾಗಿ ಮರಳಿ ಬಂದಿದೆ. ಬೆಟ್ಟ ಹತ್ತಿ ಇಳಿದು, ಇಡ್ಲಿ ತಿಂದು, ಹತ್ತು ಗಂಟೆಯೊಳಗೆ ಮನೆ ಸೇರುವ ಸವಾರಿಯಿಂದ ತೃಪ್ತರಾಗದ ಹಲವರು ನಾಲ್ಕೈದು ದಿನಗಳ ಪಯಣದ ಯೋಚನೆ ಮಾಡುತ್ತಿದ್ದಾರೆ. ಸೈಕಲ್ಲಿಗೆ ಡೇರೆ ಕಟ್ಟಿಕೊಂಡು, ನೀರು ಅಡ್ಡ ಬಂದಲ್ಲಿ ಲಾಂಚ್ ಅಥವಾ ದೋಣಿ ಏರಿ, ಒಂದು ದಡದಿಂದ ಇನ್ನೊಂದು ದಡಕ್ಕೆ ದಾಟುತ್ತ ಸಾಗುವ ಪ್ರವಾಸ ಅವುಗಳಲ್ಲಿ ವಿಶಿಷ್ಟವಾದುದು.

ಇಂತಹ ಪ್ರವಾಸಕ್ಕೆ ವಿದೇಶಕ್ಕೇ ಹೋಗಬೇಕಾಗಿಲ್ಲ. ಶರಾವತಿ ಹಿನ್ನೀರಿನ ದ್ವೀಪಪ್ರಾಯ ಊರುಗಳಿಂದ ಹಿಡಿದು ಉಡುಪಿ ಕರಾವಳಿಯ ಕುದ್ರುಗಳವರೆಗೆ, ಕುಮಟಾದ ಅಘನಾಶಿನಿ ಅಳಿವೆಯವರೆಗೆ ಕರ್ನಾಟಕದಲ್ಲೇ ಅದಕ್ಕೆ ಬೇಕಾದ ಭೂಗೋಳವಿದೆ. ಆದರೆ ಈ ನೀರು, ಈ ಲಾಂಚ್, ಈ ಕಾಡು ಪ್ರವಾಸಿಗರಿಗಾಗಿ ಹುಟ್ಟಿಕೊಂಡವಲ್ಲ. ಒಂದೊಂದರ ಹಿಂದೆಯೂ ಅಲ್ಲಿನವರ ಬದುಕಿನ ಕಷ್ಟದ ಕಥೆಯಿದೆ, ಕಾನೂನಿನ ಕಟ್ಟುಪಾಡಿದೆ, ಆರೋಗ್ಯದ ಅಪಾಯವೂ ಇದೆ. ಇವುಗಳನ್ನು ಅರಿಯದೆ ಹೊರಟರೆ ಪ್ರವಾಸ ಅರ್ಧದಲ್ಲೇ ನಿಲ್ಲಬಹುದು.

ಊರ ರಸ್ತೆಯಲ್ಲೇ ತಾಲೀಮು

ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರಗಳನ್ನು ದಾಟಿ ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯನ್ನು ಮುಟ್ಟುವ ಹೆದ್ದಾರಿ, ಗ್ರಾಮಾಂತರ ಜಿಲ್ಲೆಯ ನಾಲ್ಕೂ ತಾಲ್ಲೂಕುಗಳನ್ನು ಒಂದೇ ದಾರದಲ್ಲಿ ಪೋಣಿಸುತ್ತದೆ. ಹಿಂದೆ 207 ಎಂಬ ಸಂಖ್ಯೆ ಹೊಂದಿದ್ದ ಇದು ಈಗ ರಾಷ್ಟ್ರೀಯ ಹೆದ್ದಾರಿ 648. ಭಾರಿ ಲಾರಿಗಳ ದಟ್ಟಣೆಯಿರುವ ಈ ರಸ್ತೆ ಅಭ್ಯಾಸಕ್ಕೆ ತಕ್ಕುದಲ್ಲ. ಅದರ ಎರಡೂ ಬದಿಗೆ ಕವಲೊಡೆಯುವ ಹಳ್ಳಿ ರಸ್ತೆಗಳೇ ಸವಾರರ ನಿಜವಾದ ಗರಡಿ.

ದೊಡ್ಡಬಳ್ಳಾಪುರದಿಂದ ಘಾಟಿ ಸುಬ್ರಹ್ಮಣ್ಯ, ಮಾಕಳಿದುರ್ಗದ ಕಡೆಗಿನ ಏರಿಳಿತ, ದಾಬಸ್‌ಪೇಟೆಯಿಂದ ಶಿವಗಂಗೆಯ ತಪ್ಪಲಿನವರೆಗಿನ ದಾರಿ, ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ನಂದಿ ಬೆಟ್ಟದ ತಿರುವುಗಳು – ಇವು ಮೂರೂ ಮೂರು ಬಗೆಯ ಪರೀಕ್ಷೆಗಳು. ಆದರೆ ಬರಿಗೈಯಲ್ಲಿ ನಂದಿ ಹತ್ತಿದವರೆಲ್ಲ ಪ್ರವಾಸಕ್ಕೆ ಸಿದ್ಧರಾದಂತಲ್ಲ. ಡೇರೆ, ಮಲಗುವ ಚೀಲ, ಬಟ್ಟೆ, ಪಾತ್ರೆ, ನೀರು ಎಲ್ಲ ಸೇರಿದರೆ ಸೈಕಲ್ಲಿನ ಮೇಲೆ ಹತ್ತರಿಂದ ಹದಿನೈದು ಕಿಲೋ ಹೆಚ್ಚುವರಿ ಭಾರ ಬೀಳುತ್ತದೆ. ಭಾರ ಹೊತ್ತ ಸೈಕಲ್ ಇಳಿಜಾರಿನಲ್ಲಿ ನಿಲ್ಲಲು ಹೆಚ್ಚು ದೂರ ಬೇಕು; ತಿರುವಿನಲ್ಲಿ ಅದರ ವರ್ತನೆಯೇ ಬೇರೆ. ಆದ್ದರಿಂದ ಹೊರಡುವ ಮುನ್ನ ಕನಿಷ್ಠ ಎರಡು ವಾರಾಂತ್ಯವಾದರೂ ಪೂರ್ಣ ಭಾರದೊಂದಿಗೆ ಸತತ ಎರಡು ದಿನ ತುಳಿದು ನೋಡಬೇಕು. ಮೊದಲ ದಿನದ ಉತ್ಸಾಹಕ್ಕಿಂತ ಎರಡನೆಯ ದಿನದ ಮೈಕೈ ನೋವೇ ಸವಾರನ ಸಾಮರ್ಥ್ಯವನ್ನು ನಿಜವಾಗಿ ತಿಳಿಸುತ್ತದೆ.

ಭಾರವನ್ನು ಬೆನ್ನಿಗೆ ಹಾಕಿಕೊಳ್ಳುವುದು ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು. ಹಿಂಬದಿಯ ಕ್ಯಾರಿಯರ್‌ನ ಎರಡೂ ಬದಿಗೆ ಜೋತುಬಿಡುವ ಜೋಡಿ ಚೀಲಗಳಲ್ಲಿ ಭಾರವನ್ನು ಸಮನಾಗಿ ಹಂಚಿ, ತೂಕದ ವಸ್ತುಗಳನ್ನು ಕೆಳಗೆ ಇಟ್ಟರೆ ಸಮತೋಲ ಕೆಡುವುದಿಲ್ಲ. ದುಬಾರಿ ಗೇರ್ ಸೈಕಲ್ಲೇ ಬೇಕೆಂಬ ನಿಯಮವಿಲ್ಲವಾದರೂ ಘಟ್ಟದ ದಾರಿ ಇರುವಲ್ಲಿ ಕಡಿಮೆ ಗೇರುಗಳು ಮತ್ತು ನಂಬಲರ್ಹ ಬ್ರೇಕ್ ಇರಲೇಬೇಕು.

ತಂಡ ಎಂದರೆ ಗುಂಪಲ್ಲ

ಇಂತಹ ಪ್ರವಾಸಕ್ಕೆ ಎಂಟರಿಂದ ಹನ್ನೆರಡು ಮಂದಿಯ ತಂಡ ಹಿತಕರ. ಅದಕ್ಕಿಂತ ದೊಡ್ಡದಾದರೆ ದೋಣಿಯಲ್ಲಿ ಒಮ್ಮೆಗೇ ಜಾಗ ಸಿಗುವುದು ಕಷ್ಟ. ಹಳ್ಳಿಯ ಹೋಟೆಲಿನಲ್ಲಿ ಒಟ್ಟಿಗೆ ಊಟ ಸಿಗುವುದು ಇನ್ನೂ ಕಷ್ಟ. ದಾರಿ ಬಲ್ಲ ಒಬ್ಬರು ಮುಂದೆ, ರಿಪೇರಿ ಬಲ್ಲ ಒಬ್ಬರು ಎಲ್ಲರಿಗಿಂತ ಹಿಂದೆ ಇರಬೇಕು. ಕೊನೆಯ ಸವಾರನನ್ನು ಯಾರೂ ಹಿಂದೆ ಬಿಟ್ಟು ಹೋಗಬಾರದು. ಹೆದ್ದಾರಿಯಲ್ಲಿ ಒಬ್ಬರ ಹಿಂದೆ ಒಬ್ಬರಂತೆ, ಮೂರು-ನಾಲ್ಕು ಮಂದಿಯ ತುಕಡಿಗಳಾಗಿ, ನಡುವೆ ವಾಹನಗಳು ನುಸುಳಲು ಅಂತರ ಬಿಟ್ಟು ಸಾಗುವುದು ಕ್ಷೇಮ. ತಂಡದ ವೇಗ ಎಂದರೆ ಅತಿ ನಿಧಾನದ ಸವಾರನ ವೇಗ ಎಂಬುದನ್ನು ಮೊದಲೇ ಎಲ್ಲರೂ ಒಪ್ಪಿಕೊಂಡಿರಬೇಕು.

ಮನೆಮಂದಿಯ ವಸ್ತುಗಳನ್ನು ಹಂಚಿಕೊಳ್ಳುವಂತೆ ತಂಡದ ಸಾಮಗ್ರಿಯನ್ನೂ ಹಂಚಿಕೊಳ್ಳುವುದು ಜಾಣತನ. ಹತ್ತು ಮಂದಿಗೆ ಹತ್ತು ಪಂಪು ಬೇಡ, ಎರಡು ಸಾಕು. ಆದರೆ ಟ್ಯೂಬು ಮಾತ್ರ ಪ್ರತಿಯೊಬ್ಬರ ಬಳಿಯೂ ತಮ್ಮ ಚಕ್ರದ ಅಳತೆಯದೇ ಇರಬೇಕು. ಸಾಗರ, ಕುಂದಾಪುರದಂತಹ ಪಟ್ಟಣಗಳಲ್ಲಿ ಸಾಧಾರಣ ಸೈಕಲ್ಲಿನ ಬಿಡಿಭಾಗ ದೊರೆತರೂ ವಿದೇಶಿ ಮಾದರಿಯ ಸೈಕಲ್ಲಿಗೆ ಬೇಕಾದ್ದು ದೊರೆಯುವ ಭರವಸೆಯಿಲ್ಲ.

ದೂರದ ಲೆಕ್ಕ ಮತ್ತು ರೈಲಿನ ಅನುಕೂಲ

ದೊಡ್ಡಬಳ್ಳಾಪುರದಿಂದ ದಾಬಸ್‌ಪೇಟೆ, ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ, ಶಿವಮೊಗ್ಗ ಮಾರ್ಗವಾಗಿ ಸಾಗರ ತಲುಪಲು ಸುಮಾರು 350 ಕಿ.ಮೀ. ಕ್ರಮಿಸಬೇಕು. ಭಾರ ಹೊತ್ತ ತಂಡ ದಿನಕ್ಕೆ 60ರಿಂದ 80 ಕಿ.ಮೀ. ಸಾಗಬಲ್ಲದು ಎಂದಿಟ್ಟುಕೊಂಡರೆ, ಹಿನ್ನೀರಿನ ದಡ ಕಾಣುವಷ್ಟರಲ್ಲೇ ಐದು ದಿನ ಕಳೆದಿರುತ್ತದೆ. ರಜೆ ಕಡಿಮೆಯಿರುವ ನೌಕರ ವರ್ಗದವರಿಗೆ ಇದು ಆಗದ ಮಾತು.

ಹಾಗಾಗಿ ರೈಲನ್ನು ಆಶ್ರಯಿಸುವುದು ಉತ್ತಮ. ಸಾಗರದ ಆಚೆಗಿರುವ ತಾಳಗುಪ್ಪ ಈ ಮಾರ್ಗದ ಕೊನೆಯ ರೈಲು ನಿಲ್ದಾಣ. ಬೆಂಗಳೂರಿನ ಮೂಲಕ ಅಲ್ಲಿಗೆ ರಾತ್ರಿ ರೈಲಿನ ಸೌಲಭ್ಯವಿದೆ. ಸೈಕಲ್ಲನ್ನು ಪ್ರಯಾಣಿಕರ ಬೋಗಿಯಲ್ಲಿ ಇಡುವಂತಿಲ್ಲ. ಪಾರ್ಸೆಲ್ ಕಚೇರಿಯಲ್ಲಿ ಟಿಕೆಟ್ ತೋರಿಸಿ, ಶುಲ್ಕ ತೆತ್ತು, ಲಗೇಜ್ ವ್ಯಾನಿಗೆ ಹಾಕಿಸಬೇಕು. ರೈಲು ಹೊರಡುವ ಹೊತ್ತಿಗೆ ಹೋದರೆ ಕೆಲಸವಾಗದು. ಯಾವ ನಿಲ್ದಾಣದಲ್ಲಿ ಪಾರ್ಸೆಲ್ ಇಳಿಸುತ್ತಾರೆ, ರೈಲು ಅಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಒಂದೆರಡು ದಿನ ಮೊದಲೇ ವಿಚಾರಿಸಿ ತಿಳಿಯಬೇಕು. ಹ್ಯಾಂಡಲ್, ಗೇರಿನ ಭಾಗಗಳಿಗೆ ರಟ್ಟು ಅಥವಾ ಗೋಣಿ ಸುತ್ತಿ, ಹೆಸರು ಮತ್ತು ತಲುಪಬೇಕಾದ ನಿಲ್ದಾಣವನ್ನು ದಪ್ಪಕ್ಷರದಲ್ಲಿ ಬರೆದು ಅಂಟಿಸಿದರೆ ಗೊಂದಲ ತಪ್ಪುತ್ತದೆ.

ನಾಡಿಗೆ ಬೆಳಕು, ಅವರಿಗೆ ನೀರು

ಶರಾವತಿಗೆ ಅಡ್ಡಲಾಗಿ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು. ಅದರ ಗರಿಷ್ಠ ನೀರಿನ ಮಟ್ಟ 1,819 ಅಡಿ. ಮಳೆಗಾಲದಲ್ಲಿ ಪತ್ರಿಕೆಗಳ ಜಲಾಶಯ ಮಟ್ಟದ ಪಟ್ಟಿ ನೋಡುವವರಿಗೆ ಈ ಅಂಕಿ ಚಿರಪರಿಚಿತ. ಇದಕ್ಕೂ ಮೊದಲು ಕಟ್ಟಿದ್ದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೆಯೇ ಹೊಸ ಜಲಾಶಯದಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷಗಳಲ್ಲಿ ಅದು ಇಂದಿಗೂ ತಲೆಯೆತ್ತಿ ಕಾಣಿಸುತ್ತದೆ. ಅಣೆಕಟ್ಟೆಯೇ ಮುಳುಗಿದ ಮೇಲೆ ಗದ್ದೆ, ತೋಟ, ಮನೆಗಳ ಮಾತೇನು? ಸಾವಿರಾರು ಕುಟುಂಬಗಳು ನೆಲೆ ಕಳೆದುಕೊಂಡವು. ಉಳಿದ ಎತ್ತರದ ನೆಲ ಮೂರು ದಿಕ್ಕಿನಲ್ಲಿ ನೀರಿನಿಂದ ಸುತ್ತುವರಿಯಲ್ಪಟ್ಟಿತು. ತುಮರಿ, ಕಳಸವಳ್ಳಿ ಸುತ್ತಲ ಊರುಗಳನ್ನು ಜನ ‘ದ್ವೀಪ’ ಎಂದು ಕರೆಯತೊಡಗಿದ್ದು ಹೀಗೆ.

ಸಾಗರದವರೇ ಆದ ಸಾಹಿತಿ ನಾ. ಡಿಸೋಜ ಅವರು ಈ ಮುಳುಗಡೆಯ ನೋವನ್ನು ‘ದ್ವೀಪ’ ಕಾದಂಬರಿಯಲ್ಲಿ ದಾಖಲಿಸಿದರು. ಗಿರೀಶ ಕಾಸರವಳ್ಳಿ ಅವರು ಅದನ್ನು ಆಧರಿಸಿ ಅದೇ ಹೆಸರಿನ ಚಲನಚಿತ್ರ ನಿರ್ದೇಶಿಸಿದರು. ಅದು ಅತ್ಯುತ್ತಮ ಚಿತ್ರಕ್ಕೆ ಮೀಸಲಾದ ಸ್ವರ್ಣಕಮಲ ಪ್ರಶಸ್ತಿಗೆ ಪಾತ್ರವಾಯಿತು. ಡಿಸೋಜ ಅವರು 2025ರ ಜನವರಿಯಲ್ಲಿ ನಿಧನರಾದರು. ಸೈಕಲ್ ಏರಿ ಅತ್ತ ಹೊರಡುವವರು ಆ ಕಾದಂಬರಿಯನ್ನು ಒಮ್ಮೆ ಓದಿಕೊಂಡು ಹೋದರೆ, ಕಾಣುವ ನೀರಿನ ಅಂದದ ಜತೆಗೆ ಅದರ ಕೆಳಗೆ ಏನಿದೆ ಎಂಬುದೂ ಅರಿವಾದೀತು.

ಹೊಳೆಬಾಗಿಲಿನಿಂದ ಕಳಸವಳ್ಳಿಗೆ ಜನರನ್ನು, ಬೈಕು, ಕಾರು, ಬಸ್ಸುಗಳನ್ನು ಸಾಗಿಸುತ್ತಿದ್ದ ಲಾಂಚ್ ದಶಕಗಳ ಕಾಲ ಈ ಭಾಗದ ಜೀವನಾಡಿಯಾಗಿತ್ತು. ಸಿಗಂದೂರು ಚೌಡೇಶ್ವರಿ ದೇವಿಯ ದರ್ಶನಕ್ಕೆ ಬರುವ ಭಕ್ತರಿಗೆ ಅದೊಂದು ಸೊಗಸಾದ ಅನುಭವ. ಸ್ಥಳೀಯರಿಗೆ ಮಾತ್ರ ಅದು ದಿನನಿತ್ಯದ ಕಾಯುವಿಕೆ. ಸಂಜೆಯ ಕೊನೆಯ ಲಾಂಚ್ ಹೋದ ಮೇಲೆ ಹೆರಿಗೆ ನೋವು ಕಾಣಿಸಿಕೊಂಡರೂ, ಹಾವು ಕಚ್ಚಿದರೂ, ದೂರದ ಸುತ್ತು ಹಾದಿಯೇ ಗತಿ. ಮುಂಗಾರು ತಡವಾದ 2023ರ ಜೂನ್‌ನಲ್ಲಿ ನೀರು ಇಳಿದು ವಾಹನಗಳ ಸಾಗಣೆಯೇ ನಿಂತಿತ್ತು.

ಸೇತುವೆಗಾಗಿ ಜನ ನಡೆಸಿದ ಹೋರಾಟ ದೀರ್ಘವಾದುದು. 2018ರಲ್ಲಿ ಶಂಕುಸ್ಥಾಪನೆಯಾದ, ಎರಡು ಕಿ.ಮೀ.ಗೂ ಹೆಚ್ಚು ಉದ್ದದ, ಉಕ್ಕಿನ ಕೇಬಲ್ ಆಧಾರಿತ ಸೇತುವೆ 2025ರ ಜುಲೈ 14ರಂದು ಲೋಕಾರ್ಪಣೆಗೊಂಡಿತು. ಅಲ್ಲಿಗೆ ಹೊಳೆಬಾಗಿಲಿನ ಲಾಂಚ್ ಮೇಲಿನ ಜನರ ಅವಲಂಬನೆ ಕೊನೆಗೊಂಡಿತು.

ಸೇತುವೆಯ ಮೇಲೆ ಸೈಕಲ್

ಲಾಂಚ್ ಹೋಯಿತೆಂದು ಹಳಹಳಿಸುವ ಪ್ರವಾಸಿಗರಿದ್ದಾರೆ. ಆದರೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಾದವರ ಮುಂದೆ ಒಂದು ದಿನದ ವಿಹಾರಿಗಳ ಬೇಸರಕ್ಕೆ ಬೆಲೆಯಿಲ್ಲ. ಮೇಲಾಗಿ, ಸೇತುವೆ ಬಂದ ಮಾತ್ರಕ್ಕೆ ಸೈಕಲ್ ಪ್ರವಾಸದ ಸ್ವಾರಸ್ಯ ಕೆಡಬೇಕಾಗಿಯೂ ಇಲ್ಲ.

ಜಪಾನಿನ ಉದಾಹರಣೆ ನೋಡಿ. ಒನೊಮಿಚಿ ಮತ್ತು ಇಮಾಬರಿ ನಗರಗಳ ನಡುವೆ ಆರು ದ್ವೀಪಗಳನ್ನು ಬೆಸೆಯುವ ‘ಶಿಮಾನಾಮಿ ಕೈದೊ’ ಮಾರ್ಗ 1999ರಲ್ಲಿ ತೆರೆಯಿತು. ಅದರ ಸೇತುವೆಗಳ ಮೇಲೆ ಸೈಕಲ್ಲಿಗೆಂದೇ ಪ್ರತ್ಯೇಕ ದಾರಿ ಕಲ್ಪಿಸಿದ್ದರಿಂದ, ಸುಮಾರು 70 ಕಿ.ಮೀ. ಉದ್ದದ ಆ ಹಾದಿ ಇಂದು ಜಗತ್ತಿನ ಸೈಕಲ್ ಸವಾರರಿಗೆ ಯಾತ್ರಾಸ್ಥಳದಂತಾಗಿದೆ. ಸ್ಕಾಟ್ಲೆಂಡಿನ ಪಶ್ಚಿಮ ದ್ವೀಪಗಳಲ್ಲಿ 2016ರಲ್ಲಿ ಆರಂಭವಾದ ‘ಹೆಬ್ರಿಡಿಯನ್ ವೇ’ ಸೈಕಲ್ ಮಾರ್ಗ 185 ಮೈಲಿ ಉದ್ದವಿದ್ದು, ಹತ್ತು ದ್ವೀಪಗಳ ಮೂಲಕ ಸಾಗುತ್ತದೆ. ಅಲ್ಲಿ ಎರಡು ಕಡೆ ಮಾತ್ರ ಫೆರ್ರಿ. ಉಳಿದೆಡೆ ನೀರನ್ನು ದಾಟಿಸುವುದು ಕಟ್ಟಿದ ರಸ್ತೆಗಳೇ. ಅಂದರೆ ಸೇತುವೆಯೋ ದೋಣಿಯೋ ಎಂಬುದಲ್ಲ ಪ್ರಶ್ನೆ. ನಿಧಾನವಾಗಿ ಹೋಗುವವನಿಗೂ ದಾರಿಯಲ್ಲಿ ಜಾಗವಿದೆಯೇ ಎಂಬುದು ಪ್ರಶ್ನೆ. ಶರಾವತಿಯ ಹೊಸ ಸೇತುವೆಯತ್ತ ವಾಹನಗಳ ಪ್ರವಾಹವೇ ಹರಿಯುತ್ತಿರುವ ಈ ಹೊತ್ತಿನಲ್ಲಿ ಪ್ರವಾಸೋದ್ಯಮ ಇಲಾಖೆ ಈ ಬಗ್ಗೆ ಯೋಚಿಸುವುದು ಒಳಿತು.

ಲಾಂಚ್ ಪಯಣವೇ ಬೇಕು ಎನ್ನುವವರು ಹಿನ್ನೀರಿನ ಬೇರೆ ಕಡವುಗಳನ್ನು ವಿಚಾರಿಸಬಹುದು. ಹಸಿರುಮಕ್ಕಿ ಹಾಗೂ ಕಾರ್ಗಲ್ ಸಮೀಪದ ಮುಪ್ಪಾನೆಯ ಲಾಂಚ್‌ಗಳು ಈ ಪೈಕಿ ಹೆಸರಾದವು. ನೀರಿನ ಮಟ್ಟ, ಯಂತ್ರದ ದುರಸ್ತಿ, ಕಾಮಗಾರಿ ಇವುಗಳಿಂದ ಲಾಂಚ್ ಓಡಾಟ ವ್ಯತ್ಯಯವಾಗುವುದು ಸಾಮಾನ್ಯವಾದ್ದರಿಂದ ಹೊರಡುವ ದಿನವೇ ಸಾಗರದಲ್ಲಿ ವಿಚಾರಿಸಿ ಮುಂದುವರಿಯಬೇಕು.

ಘಟ್ಟ ಇಳಿದು ಕುದ್ರುಗಳ ನಾಡಿಗೆ

ಸಾಗರದಿಂದ ಸುಮಾರು 30 ಕಿ.ಮೀ. ಸಾಗಿ ಹಿನ್ನೀರನ್ನು ದಾಟಿ, ಸಿಗಂದೂರು, ತುಮರಿ ಬಳಸಿ, ನಿಟ್ಟೂರು, ನಾಗೋಡಿ ಮಾರ್ಗವಾಗಿ ಘಟ್ಟ ಇಳಿದರೆ ಕೊಲ್ಲೂರು. ಇಡೀ ಪ್ರವಾಸದಲ್ಲಿ ಹೆಚ್ಚು ಎಚ್ಚರ ಬೇಕಾದ ಭಾಗ ಈ ಇಳಿಜಾರು. ಬ್ರೇಕನ್ನು ಒಂದೇ ಸಮನೆ ಹಿಡಿದುಕೊಂಡೇ ಇಳಿದರೆ ಚಕ್ರದ ರಿಮ್ ಕಾದು ಟ್ಯೂಬು ಸಿಡಿಯಬಹುದು. ಬಿಟ್ಟು ಬಿಟ್ಟು ಹಿಡಿಯಬೇಕು, ನಡುನಡುವೆ ನಿಂತು ತಣಿಯಲು ಬಿಡಬೇಕು. ಮಂಜು ಮುಸುಕಿದ ಬೆಳಗಿನಲ್ಲಿ ಹಿಂಬದಿಯ ಕೆಂಪು ದೀಪ ಹಚ್ಚಿಯೇ ಸಾಗಬೇಕು. ಈ ಭಾಗದಲ್ಲಿ ಮೊಬೈಲ್ ಸಂಪರ್ಕ ಎಲ್ಲೆಡೆ ಸಿಗುವುದಿಲ್ಲವಾದ್ದರಿಂದ ಮುಂದಿನ ಭೇಟಿಯ ಸ್ಥಳವನ್ನು ಬಾಯಿಮಾತಿನಲ್ಲೇ ಗೊತ್ತುಮಾಡಿಕೊಂಡು ಹೊರಡುವುದು ಲೇಸು.

ಕೊಲ್ಲೂರಿನಿಂದ ಕುಂದಾಪುರ ಸುಮಾರು 40 ಕಿ.ಮೀ. ಅಲ್ಲಿಂದ ದಕ್ಷಿಣಕ್ಕೆ ಕೋಟ, ಸಾಲಿಗ್ರಾಮ, ಸಾಸ್ತಾನದವರೆಗೆ ರಾಷ್ಟ್ರೀಯ ಹೆದ್ದಾರಿ 66. ಸಾಸ್ತಾನದಲ್ಲಿ ಕಡಲಿನತ್ತ ಹೊರಳಿದರೆ ಹಂಗಾರಕಟ್ಟೆ ಬಂದರು. ಎದುರು ದಡದಲ್ಲಿ ಕೋಡಿ ಬೆಂಗ್ರೆ. ಸೀತಾ ಮತ್ತು ಸ್ವರ್ಣಾ ನದಿಗಳು ಸಮುದ್ರ ಸೇರುವ ಅಳಿವೆ ಇದು. ಕರಾವಳಿಯ ಮಾತಿನಲ್ಲಿ ಬೆಂಗ್ರೆ ಎಂದರೆ ಹೊಳೆ ಮತ್ತು ಕಡಲಿನ ನಡುವೆ ಚಾಚಿದ ಮರಳ ನಾಲಗೆ. ಕುದ್ರು ಎಂದರೆ ಹೊಳೆಯ ನಡುವಿನ ಗಡ್ಡೆ. ಇಲ್ಲಿ ದೋಣಿಯಲ್ಲಿ ಆಚೆ ದಡ ಸೇರಿದರೆ, ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ ಇರುವ ಕಿರಿದಾದ ರಸ್ತೆಯಲ್ಲಿ ಹೂಡೆ, ಮಲ್ಪೆಯತ್ತ ಸಾಗಬಹುದು. ಹೆದ್ದಾರಿಯ ಲಾರಿಗಳ ಗದ್ದಲದಿಂದ ಬಂದವರಿಗೆ ಈ ದಾರಿ ಮರೆಯಲಾಗದ ಅನುಭವ. ಸುತ್ತಲಿನ ಹೊಳೆಗಳಲ್ಲಿ ತೆಂಗಿನ ತೋಟಗಳಿಂದ ತುಂಬಿದ ಹಲವು ಕುದ್ರುಗಳಿದ್ದು, ಕೆಮ್ಮಣ್ಣು ಬಳಿಯ ತಿಮ್ಮಣ್ಣ ಕುದ್ರುವಿನ ತೂಗುಸೇತುವೆ ಪ್ರಸಿದ್ಧವಾದುದು.

ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪವನ್ನು ಸ್ಥಳೀಯರು ತೋನ್ಸೆಪಾರ್ ಎಂದು ಕರೆಯುತ್ತಾರೆ. ಲಾವಾರಸ ತಣಿದು ಉಂಟಾದ ಕಂಬಗಳಂತಹ ಬಂಡೆಗಳಿಂದಾಗಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಇಲ್ಲಿ ರಾತ್ರಿ ತಂಗಲು ಅವಕಾಶವಿಲ್ಲ. ಸೈಕಲ್ ಒಯ್ಯುವುದರಲ್ಲೂ ಅರ್ಥವಿಲ್ಲ. ಸೈಕಲ್ಲನ್ನು ಮಲ್ಪೆಯಲ್ಲಿ ಭದ್ರವಾಗಿಟ್ಟು, ಹಗಲಿನಲ್ಲಿ ಹೋಗಿ ಬರಬೇಕು. ಮಳೆಗಾಲದಲ್ಲಿ ದೋಣಿ ಸಂಚಾರ ಇರುವುದಿಲ್ಲ.

ಇನ್ನೂ ಎರಡು ದಿನ ಬಿಡುವಿರುವವರು ಉತ್ತರ ಕನ್ನಡದತ್ತ ತಿರುಗಬಹುದು. ಗೋಕರ್ಣದಿಂದ ತದಡಿಗೆ ಬಂದು, ಅಳಿವೆಯನ್ನು ದೋಣಿಯಲ್ಲಿ ದಾಟಿ ಅಘನಾಶಿನಿ ಊರು ಸೇರಿದರೆ ಕುಮಟಾಕ್ಕೆ ಹೆದ್ದಾರಿಯ ಸುತ್ತು ತಪ್ಪುತ್ತದೆ. ದ್ವಿಚಕ್ರ ವಾಹನಗಳನ್ನೂ ಹತ್ತಿಸಿಕೊಳ್ಳುವ ಈ ದೋಣಿಯಲ್ಲಿ ಮೀನು ಮಾರುವ ಮಹಿಳೆಯರು, ಶಾಲಾ ಮಕ್ಕಳು ನಿತ್ಯ ಪ್ರಯಾಣಿಕರು. ಅಣೆಕಟ್ಟು ಕಾಣದ ಈ ನದಿಯ ಅಳಿವೆ 2024ರ ಜನವರಿಯಲ್ಲಿ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿದೆ.

ದೋಣಿ ಏರುವಾಗ

ಕಾರವಾರದ ಬಳಿ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ 2019ರ ಜನವರಿ 21ರಂದು ಮಗುಚಿ 16 ಮಂದಿ ಪ್ರಾಣ ಕಳೆದುಕೊಂಡದ್ದನ್ನು ಮರೆಯುವಂತಿಲ್ಲ. ಒಳನಾಡು ನೀರಿನಲ್ಲಿ ಓಡಾಡುವ ಯಾಂತ್ರಿಕ ದೋಣಿಗಳ ನೋಂದಣಿ, ತಪಾಸಣೆ, ಜೀವರಕ್ಷಕ ಸಾಧನಗಳ ವಿಷಯದಲ್ಲಿ 1917ರ ಹಳೆಯ ಕಾನೂನಿನ ಬದಲಿಗೆ 2021ರಲ್ಲಿ ಹೊಸ ಕಾಯ್ದೆಯೇ ಬಂದಿದೆ. ಆದರೆ ದಡದಲ್ಲಿ ನಿಂತವನಿಗೆ ಕಾಯ್ದೆಗಿಂತ ಮೊದಲು ನೆರವಾಗುವುದು ತನ್ನ ವಿವೇಕವೇ. ತುಂಬಿದ ದೋಣಿಯನ್ನು ಬಿಟ್ಟು ಮುಂದಿನದಕ್ಕೆ ಕಾಯುವುದು ಅವಮಾನವಲ್ಲ. ಲೈಫ್ ಜಾಕೆಟ್ ಇಲ್ಲದ ದೋಣಿ ಎಷ್ಟೇ ಅಗ್ಗವಾದರೂ ಬೇಡ.

ಸೈಕಲ್ ಹತ್ತಿಸುವ ಮುನ್ನ ಜೋಡಿ ಚೀಲಗಳನ್ನು ಕಳಚಿ ಬೇರೆಯಾಗಿ ಸಾಗಿಸಬೇಕು. ದೋಣಿಯ ಅಂಚಿಗೆ ಸೈಕಲ್ ಒರಗಿಸಿದರೆ ಭಾರ ಒಂದೇ ಬದಿಗೆ ವಾಲುತ್ತದೆ. ಚಾಲಕ ತೋರಿಸಿದ ಜಾಗದಲ್ಲೇ ಇಟ್ಟು, ಎರಡೆರಡನ್ನು ಎದುರುಬದುರಾಗಿ ಸೇರಿಸಿ ಹಗ್ಗದಿಂದ ಕಟ್ಟಬೇಕು. ಬ್ರೇಕಿನ ಹಿಡಿಗೆ ರಬ್ಬರ್ ಪಟ್ಟಿ ಸುತ್ತಿದರೆ ಚಕ್ರ ಉರುಳುವುದಿಲ್ಲ. ಅಳಿವೆಗಳಲ್ಲಿ ಭರತ, ಇಳಿತಗಳಿಗೆ ತಕ್ಕಂತೆ ಇಳಿಯುವ ಮೆಟ್ಟಿಲಿನ ಎತ್ತರ ಬದಲಾಗುತ್ತದೆ. ಪಾಚಿಗಟ್ಟಿದ ಮೆಟ್ಟಿಲಿನ ಮೇಲೆ ಸೈಕಲ್ಲನ್ನು ಇಬ್ಬರು ಹಿಡಿದು ಸಾಗಿಸುವುದು ಒಳ್ಳೆಯದು. ಉಪ್ಪುನೀರು ಸೋಕಿದ ಚೈನನ್ನು ಅದೇ ದಿನ ಸಿಹಿನೀರಿನಲ್ಲಿ ತೊಳೆದು ಎಣ್ಣೆ ಬಿಡದಿದ್ದರೆ ಮರುದಿನವೇ ತುಕ್ಕು ಕಾಣುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ಸರತಿ. ಆಸ್ಪತ್ರೆಗೆ ಹೊರಟವರು, ಶಾಲೆಯ ಮಕ್ಕಳು, ಮೀನಿನ ಬುಟ್ಟಿ ಹೊತ್ತವರು ಮೊದಲು. ವಿಹಾರಕ್ಕೆ ಬಂದವರು ನಂತರ. ಹತ್ತು ಸೈಕಲ್ಲುಗಳು ಒಮ್ಮೆಲೇ ನುಗ್ಗಿ ಊರವರಿಗೆ ಜಾಗ ಇಲ್ಲದಂತೆ ಮಾಡಿದರೆ, ಮುಂದೆ ಬರುವ ಸವಾರರಿಗೆ ಆ ಊರಿನಲ್ಲಿ ಸ್ವಾಗತವಿರದು.

ಡೇರೆ ಎಲ್ಲಿ ಹಾಕಬಹುದು?

ಚಿತ್ರಗಳಲ್ಲಿ ಕಾಣುವಂತೆ ಹಿನ್ನೀರಿನ ದಡದಲ್ಲಿ, ಕಾಡಿನ ಅಂಚಿನಲ್ಲಿ ಮನಬಂದಲ್ಲಿ ಡೇರೆ ಹಾಕುವುದು ಕಾನೂನಿಗೆ ವಿರುದ್ಧವಾಗಬಹುದು. ಈ ಮಾರ್ಗದ ಬಹುಭಾಗ ಶರಾವತಿ ಕಣಿವೆ ಮತ್ತು ಮೂಕಾಂಬಿಕಾ ಅಭಯಾರಣ್ಯಗಳ ಒಳಗೆ ಅಥವಾ ಅಂಚಿನಲ್ಲಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ತಂಗುವುದು, ಬೆಂಕಿ ಹಚ್ಚುವುದು ಅಪರಾಧ.

ಕಾನೂನಿಗಿಂತಲೂ ಗಂಭೀರವಾದ ಕಾರಣ ಇನ್ನೊಂದಿದೆ: ಮಂಗನ ಕಾಯಿಲೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಪತ್ತೆಯಾದ ಈ ಜ್ವರ ಉಣ್ಣೆ ಹುಳುಗಳ ಕಡಿತದಿಂದ ಹರಡುತ್ತದೆ. 2018ರ ಕೊನೆ ಹಾಗೂ 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಇದು ಹಲವರನ್ನು ಬಲಿ ತೆಗೆದುಕೊಂಡಿತು. ಹಿಂದೆ ನೀಡುತ್ತಿದ್ದ ಲಸಿಕೆಯು ಸಾಕಷ್ಟು ಪರಿಣಾಮಕಾರಿಯಲ್ಲವೆಂದು ಕಂಡುಬಂದು 2022ರಲ್ಲಿ ನಿಂತಿತು. ಮಳೆ ಮುಗಿದು, ಆಕಾಶ ತಿಳಿಯಾಗಿ, ಸೈಕಲ್ಲಿಗೂ ಡೇರೆಗೂ ಹೇಳಿಮಾಡಿಸಿದಂತಹ ಡಿಸೆಂಬರ್‌ನಿಂದ ಬೇಸಿಗೆಯವರೆಗಿನ ತಿಂಗಳುಗಳೇ ಈ ರೋಗದ ಕಾಲವೂ ಆಗಿರುವುದು ವಿಪರ್ಯಾಸ. ಆದ್ದರಿಂದ ತರಗೆಲೆ ಬಿದ್ದ ಕಾಡಿನ ನೆಲದಲ್ಲಿ ಕೂರುವುದು, ಮಲಗುವುದು ಸಲ್ಲದು. ಮಂಗ ಸತ್ತಿರುವುದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಅಥವಾ ಅರಣ್ಯ ಸಿಬ್ಬಂದಿಗೆ ತಿಳಿಸಬೇಕು. ಸಂಜೆ ಬಟ್ಟೆ ಬದಲಿಸಿ, ಬಿಸಿನೀರಿನಲ್ಲಿ ಸ್ನಾನ ಮಾಡಿ, ಮೈಮೇಲೆ ಉಣ್ಣೆ ಇದೆಯೇ ಎಂದು ಪರೀಕ್ಷಿಸಿಕೊಳ್ಳಬೇಕು. ಆರೋಗ್ಯ ಇಲಾಖೆಯವರು ಹಳ್ಳಿಗಳಲ್ಲಿ ಹಂಚುವ ಉಣ್ಣೆ ನಿರೋಧಕ ತೈಲದ ಬಗ್ಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬಹುದು. ಪ್ರವಾಸ ಮುಗಿಸಿ ಮರಳಿದ ಎರಡು ವಾರಗಳೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಕಾಣಿಸಿದರೆ ದೊಡ್ಡಬಳ್ಳಾಪುರದ ವೈದ್ಯರಿಗೂ ತಾವು ಮಲೆನಾಡಿಗೆ ಹೋಗಿದ್ದನ್ನು ತಪ್ಪದೆ ಹೇಳಬೇಕು; ಹೇಳದಿದ್ದರೆ ಅವರಿಗೆ ಆ ಅನುಮಾನ ಬರುವುದೇ ಇಲ್ಲ.

ಹಾಗಾದರೆ ಡೇರೆಗೆ ಜಾಗವೆಲ್ಲಿ? ಊರಿನ ಹಿರಿಯರನ್ನು ಕೇಳಿ ಅವರ ಅಂಗಳದಲ್ಲಿ, ಕೊಯ್ಲಾದ ಗದ್ದೆಯಲ್ಲಿ, ಅನುಮತಿ ಪಡೆದು ಶಾಲೆಯ ಆಟದ ಬಯಲಿನಲ್ಲಿ, ಹೋಮ್‌ಸ್ಟೇಗಳ ಆವರಣದಲ್ಲಿ ಹಾಕಬಹುದು. ಹಿನ್ನೀರಿನ ಹೊನ್ನೆಮರಡು ದಶಕಗಳಿಂದ ಜಲಸಾಹಸ ಶಿಬಿರಗಳಿಗೆ ಹೆಸರಾದ ಸ್ಥಳ. ಅಲ್ಲಿನ ನಡುಗಡ್ಡೆಯಲ್ಲಿ ಡೇರೆ ಹಾಕಿ ರಾತ್ರಿ ಕಳೆದವರು ರಾಜ್ಯದಾದ್ಯಂತ ಇದ್ದಾರೆ. ಇಂತಹ ಕಡೆ ಸಂಘಟಕರ ಮೂಲಕವೇ ಹೋಗಬೇಕು. ಕೊಲ್ಲೂರಿನಂತಹ ಕ್ಷೇತ್ರಗಳಲ್ಲಿ ಡೇರೆಯ ಗೊಡವೆಯೇ ಬೇಡ, ಛತ್ರ, ಯಾತ್ರಿನಿವಾಸಗಳಿವೆ. ಕಡಲತೀರದಲ್ಲಿ ತಂಗುವುದಾದರೆ ಪಂಚಾಯಿತಿ ಮತ್ತು ಪೊಲೀಸ್ ಠಾಣೆಗೆ ಮೊದಲೇ ತಿಳಿಸುವುದು ಕ್ಷೇಮ. ಆಮೆಗಳು ಮೊಟ್ಟೆಯಿಡುವ ತೀರವಾದರೆ ರಾತ್ರಿ ದೀಪ, ಬೆಂಕಿ ಕೂಡದು.

ತಂಡದೊಂದಿಗೆ ಹೋಗಲು ಅನುಭವಿಗಳ ನೆರವು ಬೇಕೆನ್ನುವವರಿಗೆ ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ ಆಫ್ ಇಂಡಿಯಾ ವಿವಿಧೆಡೆ ಸೈಕಲ್ ಶಿಬಿರಗಳನ್ನು ನಡೆಸುತ್ತದೆ. ರಾಜ್ಯ ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯೂ ಸಾಹಸ ಕ್ರೀಡೆಗಳ ತರಬೇತಿ ನೀಡುತ್ತದೆ.

ಅಂಡಮಾನ್ ಕನಸು

ನಿಜವಾದ ಅರ್ಥದಲ್ಲಿ ದ್ವೀಪದಿಂದ ದ್ವೀಪಕ್ಕೆ ಹಡಗಿನಲ್ಲಿ ದಾಟುತ್ತ ಸೈಕಲ್ ತುಳಿಯಬೇಕೆಂಬ ಆಸೆಯುಳ್ಳವರಿಗೆ ದೇಶದೊಳಗೆ ಇರುವ ದಾರಿ ಅಂಡಮಾನ್. ಅದರ ಹೆಬ್ಬಾಗಿಲು ನಮ್ಮ ಜಿಲ್ಲೆಯ ದೇವನಹಳ್ಳಿಯಲ್ಲೇ ಇದೆ. 2008ರ ಮೇ ತಿಂಗಳಲ್ಲಿ ಆರಂಭವಾದ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಿಂದ ಹೊರಟು ಶ್ರೀ ವಿಜಯಪುರಂ ಸೇರಬಹುದು. ಪೋರ್ಟ್ ಬ್ಲೇರ್‌ಗೆ ಈ ಹೆಸರು ಬಂದದ್ದು 2024ರ ಸೆಪ್ಟೆಂಬರ್‌ನಲ್ಲಿ. ಅಲ್ಲಿಂದ ಸ್ವರಾಜ್ ದ್ವೀಪ ಮತ್ತು ಶಹೀದ್ ದ್ವೀಪಗಳಿಗೆ ಹಡಗುಗಳಿವೆ. ಹ್ಯಾವ್‌ಲಾಕ್ ಮತ್ತು ನೀಲ್ ಎಂದು ಕರೆಯುತ್ತಿದ್ದ ಈ ದ್ವೀಪಗಳಿಗೆ 2018ರ ಡಿಸೆಂಬರ್‌ನಲ್ಲಿ ಹೊಸ ಹೆಸರಿಡಲಾಯಿತು. ಎರಡೂ ಪುಟ್ಟ ದ್ವೀಪಗಳಾದ್ದರಿಂದ ಸೈಕಲ್ಲಿಗೆ ಅತ್ಯಂತ ಸೂಕ್ತ.

ವಿಮಾನದಲ್ಲಿ ಸೈಕಲ್ ಒಯ್ಯಲು ಪೆಡಲ್ ಕಳಚಿ, ಹ್ಯಾಂಡಲ್ ತಿರುಗಿಸಿ, ಟೈರಿನ ಗಾಳಿ ತಗ್ಗಿಸಿ, ರಟ್ಟಿನ ಪೆಟ್ಟಿಗೆಯಲ್ಲಿ ಕಟ್ಟಬೇಕು. ಅಡುಗೆಯ ಅನಿಲದ ಡಬ್ಬಿ ವಿಮಾನದಲ್ಲಿ ನಿಷಿದ್ಧ. ಅಂಡಮಾನಿನ ಉತ್ತರಕ್ಕೆ ಹೋಗುವ ಹೆದ್ದಾರಿ ಜಾರವಾ ಬುಡಕಟ್ಟಿನವರ ಮೀಸಲು ಪ್ರದೇಶವನ್ನು ಹಾದುಹೋಗುತ್ತದೆ. ಅಲ್ಲಿ ವಾಹನಗಳು ಬೆಂಗಾವಲಿನೊಂದಿಗೆ ನಿಗದಿತ ವೇಳೆಯಲ್ಲಿ ಸಾಲಾಗಿ ಸಾಗಬೇಕಾದ್ದರಿಂದ ಅದು ಸೈಕಲ್ ಸವಾರಿಯ ಹಾದಿಯಲ್ಲ.

ಯಾವಾಗ, ಹೇಗೆ?

* ಕಾಲ: ನವೆಂಬರ್‌ನಿಂದ ಫೆಬ್ರುವರಿ ಹಿತಕರ. ನವೆಂಬರ್‌ನಲ್ಲಿ ಹಿನ್ನೀರು ತುಂಬಿರುತ್ತದೆ. ಮಂಗನ ಕಾಯಿಲೆಯ ಭೀತಿಯೂ ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್ ಸಲ್ಲದು.

* ಅವಧಿ: ತಾಳಗುಪ್ಪದವರೆಗೆ ರೈಲಿನಲ್ಲಿ ಹೋದರೆ, ಸಾಗರದಿಂದ ಮಲ್ಪೆಯವರೆಗೆ ನಾಲ್ಕು ದಿನ ಸಾಕು. ಮರಳಲು ಉಡುಪಿಯಿಂದ ರೈಲು, ಬಸ್ಸುಗಳಿವೆ.

* ಊಟ: ಅವಲಕ್ಕಿ, ಶೇಂಗಾ, ಬೆಲ್ಲ, ಬಾಳೆಹಣ್ಣು ಸದಾ ಜತೆಗಿರಲಿ. ತುಮರಿಯಿಂದ ಕೊಲ್ಲೂರಿನವರೆಗೆ ಹೋಟೆಲುಗಳು ವಿರಳ.

* ನೀರು: ತಲಾ ಮೂರು ಲೀಟರ್. ಕರಾವಳಿಯ ಸೆಕೆ ಬಯಲುಸೀಮೆಯವರಿಗೆ ಹೊಸದು.

* ತುರ್ತು: 112 ಮತ್ತು 108. ದಿನದ ಕೊನೆಗೆ ತಂಗುವ ಊರಿನ ಹೆಸರನ್ನು ಮನೆಯವರಿಗೆ ತಿಳಿಸಿ.

* ಕಸ: ಒಯ್ದ ಪ್ಲಾಸ್ಟಿಕ್ಕನ್ನು ಮರಳಿ ತನ್ನಿ. ನಡುಗಡ್ಡೆಯಲ್ಲಿ ಬಿಟ್ಟದ್ದನ್ನು ಎತ್ತಲು ಲಾರಿ ಬರುವುದಿಲ್ಲ.

ತುಮರಿಯ ಜನ ಅರ್ಧ ಶತಮಾನ ಲಾಂಚಿಗಾಗಿ ಕಾದರು. ಈಗ ಸೇತುವೆಯ ಮೇಲೆ ವೇಗವಾಗಿ ಬಂದು ಹೋಗುವ ಕಾರುಗಳನ್ನು ನೋಡುತ್ತಿದ್ದಾರೆ. ಸೈಕಲ್ಲಿನಲ್ಲಿ ಬರುವವರು ಊರಿನಲ್ಲಿ ಇಳಿಯುತ್ತಾರೆ, ಚಹಾ ಕುಡಿಯುತ್ತಾರೆ, ದಾರಿ ಕೇಳುತ್ತಾರೆ, ರಾತ್ರಿ ಉಳಿದು ನಾಲ್ಕು ಕಾಸು ಕೊಡುತ್ತಾರೆ. ಮುಳುಗಡೆಯ ನಾಡಿಗೆ ಪ್ರವಾಸೋದ್ಯಮದಿಂದ ಏನಾದರೂ ಉಳಿಯಬೇಕೆಂದಿದ್ದರೆ, ನಿಧಾನವಾಗಿ ಬರುವ ಈ ಅತಿಥಿಗಳಿಗೆ ರಸ್ತೆಯಂಚಿನಲ್ಲಿ ಒಂದಿಷ್ಟು ಜಾಗ, ತಂಗಲು ಒಂದು ಅಧಿಕೃತ ತಾಣ ಒದಗಿಸುವುದು ದೊಡ್ಡ ಖರ್ಚಿನ ಕೆಲಸವೇನಲ್ಲ.